ಸಿವಿಲ್ ಓದುವಾಗಲೇ ಮನೆ ಕಟ್ಟುವ ಕೆಲಸಕ್ಕೆ ತಯಾರಾಗುವುದು ಹೇಗೆ?

ಶಿವಮೊಗ್ಗದಲ್ಲಿ ಸಿವಿಲ್ ಎರಡನೇ ವರ್ಷದಲ್ಲಿದ್ದೀರಿ, ಮುಂದೆ ಮಲೆನಾಡಿನಲ್ಲೇ ಮನೆಗಳ ವಿನ್ಯಾಸ, ನಿರ್ಮಾಣ ಮಾಡಬೇಕು, ಯಾವ ಸಾಫ್ಟ್‌ವೇರ್ ಕೋರ್ಸ್ ಸೇರಲಿ ಎಂದು ಕೇಳಿದ್ದೀರಿ. ಸದ್ಯಕ್ಕೆ ನಕ್ಷೆ ಬರೆಯುವ ಆಟೋಕ್ಯಾಡ್ ಸಾಕು, ರಜೆಯಲ್ಲಿ ಕಲಿಯಬಹುದು. ಅದಕ್ಕೂ ಮೊದಲು ಟೇಪ್ ಹಿಡಿಯಿರಿ ಎನ್ನುತ್ತೇನೆ.

ನೆಂಟರದ್ದೋ ಪರಿಚಯದವರದ್ದೋ ಒಂದು ಹಳೆಯ ಹೆಂಚಿನ ಮನೆ ಹುಡುಕಿ, ಪೂರ್ತಿ ಅಳೆದು ನಕ್ಷೆ ಬರೆಯಿರಿ. ಕೋಣೆಯ ನಾಲ್ಕು ಬದಿ ಅಳೆದರೆ ಸಾಲದು, ಮೂಲೆಯಿಂದ ಮೂಲೆಗೆ ಎರಡೂ ಕರ್ಣ ಬೇಕು. ಮಣ್ಣಿನ ಗೋಡೆಯ ಮನೆಗಳಲ್ಲಿ ಮೂಲೆಮಟ್ಟ ಸರಿಯಿರುವುದು ಅಪರೂಪ. ಬಾಗಿಲು, ಕಿಟಕಿಗಳನ್ನು ತುಂಡು ತುಂಡಾಗಿ ಅಳೆದು ಕೂಡಬೇಡಿ, ತಪ್ಪೂ ಕೂಡುತ್ತಾ ಹೋಗುತ್ತದೆ. ಟೇಪಿನ ಸೊನ್ನೆ ಮೂಲೆಯಲ್ಲೇ ಇರಲಿ, ಒಂದೇ ಎಳೆತದಲ್ಲಿ ಎಲ್ಲ ಅಂಕಿ ಓದಿ. ಆಮೇಲೆ ಸೂರಿನ ಭಾಗವನ್ನಷ್ಟೇ 1:10 ಅಳತೆಯಲ್ಲಿ, ಸೀಳಿದರೆ ಒಳಗೆ ಕಾಣುವಂತೆ ಬರೆಯಿರಿ: ಗೋಡೆ, ತೊಲೆ, ಪಕಾಸು (ಇಳಿಜಾರಿಗೆ ಹಾಕುವ ಮರ), ರೀಪು (ಹೆಂಚು ಕೂರುವ ಪಟ್ಟಿ), ಹೆಂಚು. ಸೂರು ಎಷ್ಟು ಚಾಚಿದೆ, ಎರಡು ಮಾಡು (ಇಳಿಜಾರು ಚಾವಣಿ) ಕೂಡುವಲ್ಲಿ ನೀರು ಎತ್ತ ಹರಿಯುತ್ತದೆ ಎಂಬುದು ಆಗ ಅರ್ಥವಾಗುತ್ತದೆ. ತೀರ್ಥಹಳ್ಳಿ, ಹೊಸನಗರದ ಕಡೆ ಮಳೆ ಓರೆಯಾಗಿ ಬಡಿಯುತ್ತದೆ. ಸೂರನ್ನು ಮೊಟಕು ಮಾಡಿ ಕಟ್ಟಿದ ಹೊಸ ಮನೆಗಳ ಗೋಡೆ ಬೂಸ್ಟು ಹಿಡಿಯುವುದು ಬಹುಪಾಲು ಇದರಿಂದಲೇ.

ಇನ್ನು ಕಾಂಕ್ರೀಟ್. ಎಂ20 ದರ್ಜೆಯ ಕಾಂಕ್ರೀಟಿಗೆ ಸಿಮೆಂಟ್, ಮರಳು, ಜಲ್ಲಿ 1:1.5:3 ಎಂದು ಓದಿರುತ್ತೀರಿ. ನೀರು-ಸಿಮೆಂಟ್ ಅನುಪಾತ 0.5 ಎಂದರೆ 50 ಕಿಲೋ ಚೀಲಕ್ಕೆ 25 ಲೀಟರ್ ನೀರು. ಒಂದು ಚೀಲಕ್ಕೆ ಸುಮಾರು 80 ಕಿಲೋ ಮರಳು ಬೀಳುತ್ತದೆ ಎನ್ನೋಣ. ಜೂನ್‌ನಲ್ಲಿ ಬಯಲಲ್ಲಿ ಬಿದ್ದ ಮರಳಿಗೆ ಶೇ 5ರಷ್ಟು ತೇವವಿದ್ದರೆ 4 ಲೀಟರ್ ನೀರು ಆಗಲೇ ಅದರಲ್ಲಿದೆ. ಮೇಸ್ತ್ರಿ ಎಂದಿನಂತೆ 25 ಲೀಟರ್ ಸುರಿದರೆ ಅನುಪಾತ 0.58 ಆಗಿ ಬಲ ಇಳಿಯುತ್ತದೆ. ಸಾಲದ್ದಕ್ಕೆ ಒದ್ದೆ ಮರಳು ಉಬ್ಬಿರುತ್ತದೆ, ಬಾಕ್ಸಿನಲ್ಲಿ ಅಳೆದರೆ ನಿಜವಾದ ಮರಳು ಕಡಿಮೆ. ಇದನ್ನು ಕಣ್ಣಾರೆ ನೋಡಬೇಕೆಂದರೆ ಗಾಜಿನ ಜಾಡಿಗೆ ಒದ್ದೆ ಮರಳನ್ನು 20 ಸೆಂ.ಮೀ. ತುಂಬಿ, ಮುಳುಗುವಷ್ಟು ನೀರು ಹಾಕಿ ಕಲಕಿ. 16ಕ್ಕೆ ಇಳಿದು ಕೂತರೆ ಉಬ್ಬು ಶೇ 25.

ಸ್ಲ್ಯಾಬ್ ಹಾಕುವ ದಿನ ಸರಳಿನ ಕೆಳಗೆ 20 ಮಿ.ಮೀ. ಕವರ್ ಬ್ಲಾಕ್ (ಸರಳನ್ನು ಎತ್ತಿ ಹಿಡಿಯುವ ಬಿಲ್ಲೆ) ಇದೆಯೇ, ಜನ ತುಳಿದು ಮೇಲಿನ ಸರಳು ಕೆಳಗೆ ಕುಸಿದಿದೆಯೇ ನೋಡಿ. ಮಳೆಗಾಲ ತಾನೇ ಎಂದು ಕ್ಯೂರಿಂಗ್, ಅಂದರೆ ಹೊಸ ಕಾಂಕ್ರೀಟನ್ನು ತೇವವಾಗಿಡುವುದನ್ನು, ಬಿಡುವವರಿದ್ದಾರೆ. ಸ್ಲ್ಯಾಬಿನಡಿ ಒಳಗಿರುವ ಕಂಬಕ್ಕೆ ಮಳೆ ತಾಗುವುದೇ ಇಲ್ಲ! ಗೋಣಿ ಸುತ್ತಿ ನೀರು ಹಾಕಲೇಬೇಕು, ಪಿಪಿಸಿ (ಹಾರುಬೂದಿಯಂಥದ್ದು ಬೆರೆಸಿದ) ಸಿಮೆಂಟಾದರೆ ಕನಿಷ್ಠ 10 ದಿನ.

ನಿಮ್ಮದೇ ನಕ್ಷೆಗೆ ಎಸ್ಟಿಮೇಟ್ ಹಾಕಿ. ಸರಳಿನ ವ್ಯಾಸವನ್ನು ಮಿಲಿಮೀಟರಿನಲ್ಲಿ ವರ್ಗ ಮಾಡಿ 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕಿಲೋ ಎಂದು ಸಿಗುತ್ತದೆ. 12 ಎಂಎಂ ಸರಳು 12 ಮೀಟರಿಗೆ ಸುಮಾರು 10.7 ಕಿಲೋ. ದರಕ್ಕೆ ಲೋಕೋಪಯೋಗಿ ಇಲಾಖೆಯ ಎಸ್‌ಆರ್ (ದರಪಟ್ಟಿ) ನೋಡಿ.

ಒಂದು ಮಾತು ಈಗಲೇ ಗೊತ್ತಿರಲಿ. 1972ರ ಕಾಯ್ದೆಯಂತೆ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಾಯಿಸಿದವರು ಮಾತ್ರ ಆರ್ಕಿಟೆಕ್ಟ್ ಎಂದು ಬೋರ್ಡ್ ಹಾಕಬಹುದು, ಅದಕ್ಕೆ 5 ವರ್ಷದ ಬಿ.ಆರ್ಕ್ ಬೇಕು. ಬಿ.ಇ. ಸಿವಿಲ್ ಮುಗಿಸಿದರೆ ನೀವು ಎಂಜಿನಿಯರ್. ವಿನ್ಯಾಸವೇ ನಿಮ್ಮ ಪ್ರಾಣವಾಗಿದ್ದರೆ ಮನೆಯವರೊಡನೆ ಕೂತು ಈ ವರ್ಷವೇ ನಿರ್ಧರಿಸಿ.

ಸೈಟ್ ನೋಡಲು ಏಪ್ರಿಲ್, ಮೇ ಒಳ್ಳೆಯದು. ಮಳೆ ಹಿಡಿಯುವ ಮುಂಚೆ ಮಾಡು ಮುಚ್ಚುವ ಆತುರವಿರುತ್ತದೆ, ಲೆಕ್ಕ ಬರೆಯುವ ಹುಡುಗರು ಬೇಕಾಗಿರುತ್ತಾರೆ. ಸ್ಥಳೀಯ ಕಂಟ್ರಾಕ್ಟರ್ ಹತ್ತಿರ ಸಿಮೆಂಟ್ ಮತ್ತು ಸರಳಿನ ಲೆಕ್ಕ ನಾನು ಬರೆಯುತ್ತೇನೆ ಎಂದು ಕೇಳಿ.