ಲೋವೆಲ್ ಗಿರಣಿಯ ‘ಕಿಂಗ್’ ಕ್ವಿಬೆಕ್‌ನ ಯಾವ ಊರಿನವರು ಎಂದು ಪತ್ತೆಹಚ್ಚುವುದು ಹೇಗೆ?

ನಿಮ್ಮ ಸೊಸೆಯ ತಾಯಿಯ ಮುತ್ತಜ್ಜ 1880ರ ಸುಮಾರಿಗೆ ಕೆನಡಾದಿಂದ ಮ್ಯಾಸಚೂಸೆಟ್ಸ್‌ನ ಲೋವೆಲ್‌ಗೆ ಬಂದು ಹತ್ತಿ ಬಟ್ಟೆಯ ಗಿರಣಿ ಸೇರಿದರೆಂದೂ, ಮನೆಯವರಿಗೆ ಗೊತ್ತಿರುವುದು ಜೋಸೆಫ್ ಕಿಂಗ್ ಎಂಬ ಹೆಸರು ಮತ್ತು ‘ಮಾಂಟ್ರಿಯಲ್ ಕಡೆಯವರು’ ಎಂಬ ಮಾತು ಮಾತ್ರವೆಂದೂ, ಕೆನಡಾದ ದಾಖಲೆಗಳಲ್ಲಿ ಎಷ್ಟು ಹುಡುಕಿದರೂ ಅವರು ಸಿಗುತ್ತಿಲ್ಲವೆಂದೂ ಬರೆದಿದ್ದೀರಿ. ನನ್ನ ಅತ್ತೆಯವರ ಹಿರಿಯರೂ ಹೀಗೆಯೇ ಮಾಂಟ್ರಿಯಲ್ ಇರುವ, ಫ್ರೆಂಚ್ ಮಾತಾಡುವ ಕೆನಡಾದ ಪ್ರಾಂತ್ಯವಾದ ಕ್ವಿಬೆಕ್ ಬಿಟ್ಟು ಬಂದ ಗಿರಣಿ ಕಾರ್ಮಿಕರಾದ್ದರಿಂದ ಈ ಹುಡುಕಾಟದ ದಾರಿ ನನಗೆ ಪರಿಚಯವಿದೆ. ಸದ್ಯಕ್ಕೆ ಕೆನಡಾದ ದಾಖಲೆಗಳನ್ನು ಬದಿಗಿಡಿ. ಅವರ ಮದುವೆಯ ದಾಖಲೆ ಎಲ್ಲಿದೆ ಎಂಬುದನ್ನು ಮೊದಲು ಕಂಡುಕೊಳ್ಳಿ. ಅದು ಸಿಕ್ಕರೆ ಹಿಂದಿನ ತಲೆಮಾರುಗಳು ಒಂದೊಂದಾಗಿ ತೆರೆದುಕೊಳ್ಳುತ್ತವೆ.

ಹೆಸರು ಸಿಗದಿರುವುದಕ್ಕೆ ಕಾರಣ ಸರಳ. ಅವರು ಕ್ವಿಬೆಕ್‌ನಲ್ಲಿ ಬಹುಶಃ ಕಿಂಗ್ ಆಗಿರಲೇ ಇಲ್ಲ. ಮ್ಯಾಸಚೂಸೆಟ್ಸ್ ಸೇರಿದ ನ್ಯೂ ಇಂಗ್ಲೆಂಡ್ ಪ್ರದೇಶದಲ್ಲಿ ನೆಲೆಸಿದ ಮೇಲೆ ಫ್ರೆಂಚ್ ಹೆಸರಿನ ಅರ್ಥವನ್ನೇ ಇಂಗ್ಲಿಷಿಗೆ ತಿರುಗಿಸಿಕೊಂಡು ರುವಾ ಮನೆತನದವರು ಕಿಂಗ್ ಆದರು, ಬುವಾವೆರ್ ಮನೆತನದವರು ಗ್ರೀನ್‌ವುಡ್ ಆದರು, ಲೆಬ್ಲಾಂ ಮನೆತನದವರು ವೈಟ್ ಆದರು. ಬೆನ್ವಾ ಎಂಬ ಹೆಸರನ್ನು ಗುಮಾಸ್ತರು ಕಿವಿಗೆ ಬಿದ್ದಂತೆ ಬೆನ್‌ವೇ ಎಂದು ಬರೆದುಕೊಂಡರು. ಇದರ ಮೇಲೆ ಕ್ವಿಬೆಕ್‌ನ ಅನೇಕ ಮನೆತನಗಳಿಗೆ ‘ದಿ’ (ಫ್ರೆಂಚ್‌ನಲ್ಲಿ ‘ಎಂದು ಕರೆಯುವ’) ಎಂಬ ಪದದಿಂದ ಜೋಡಿಸಿದ ಎರಡನೆಯ ಹೆಸರೂ ಇರುತ್ತಿತ್ತು. ‘ರುವಾ ದಿ ದೆಜಾರ್ದಾಂ’ ಎಂಬ ಮನೆತನದಲ್ಲಿ ಅಣ್ಣ ರುವಾ ಎಂದೂ ತಮ್ಮ ದೆಜಾರ್ದಾಂ ಎಂದೂ ದಾಖಲಾಗಿರುವುದು ಅಸಹಜವೇನಲ್ಲ. ವ್ಯಕ್ತಿಯ ಹೆಸರಿನಲ್ಲೂ ತೊಡಕಿದೆ. ದೀಕ್ಷಾಸ್ನಾನದಲ್ಲಿ ಹೆಚ್ಚುಕಡಿಮೆ ಎಲ್ಲ ಗಂಡುಮಕ್ಕಳಿಗೂ ಜೋಸೆಫ್ ಎಂದೂ ಹೆಣ್ಣುಮಕ್ಕಳಿಗೆ ‘ಮರಿ’ (ಮೇರಿ) ಎಂದೂ ಮೊದಲ ಹೆಸರು ಇಟ್ಟು, ಬಳಿಕ ಆ ವಿಧಿಯಲ್ಲಿ ಮಗುವಿನ ಪರವಾಗಿ ನಿಲ್ಲುವ ಧರ್ಮತಂದೆಯ ಅಥವಾ ಧರ್ಮತಾಯಿಯ ಹೆಸರು ಸೇರಿಸಿ, ಮನೆಯಲ್ಲಿ ಕರೆಯುವ ಹೆಸರನ್ನು ಸಾಮಾನ್ಯವಾಗಿ ಕೊನೆಗೆ ಬರೆಯುತ್ತಿದ್ದರು. ಹೀಗಿರುವಾಗ ‘ಜೋಸೆಫ್ ಕಿಂಗ್’ ಎಂದು ಹುಡುಕಿ ಬರಿಗೈಯಲ್ಲಿ ಮರಳಿದ್ದು ನಿಮ್ಮ ಅಜಾಗರೂಕತೆಯಿಂದಲ್ಲ.

ಅಮೆರಿಕದ ಕಡೆಯಿಂದ ಆರಂಭಿಸಲು 1900ರ ಜನಗಣತಿ ಬಹಳ ಒಳ್ಳೆಯದು. 1890ರ ಜನಗಣತಿಯ ಬಹುಭಾಗ 1921ರ ಬೆಂಕಿಗೆ ಸಿಕ್ಕಿ ಉಳಿಯಲಿಲ್ಲವಾದ್ದರಿಂದ 1880ರ ನಂತರ ನಿಮಗೆ ದಕ್ಕುವುದು ಇದೇ. ಅದರಲ್ಲಿ ಹುಟ್ಟಿದ ತಿಂಗಳು ಮತ್ತು ವರ್ಷ, ಮದುವೆಯಾಗಿ ಎಷ್ಟು ವರ್ಷವಾಯಿತು, ತಾಯಿ ಹೆತ್ತ ಮಕ್ಕಳೆಷ್ಟು, ಬದುಕಿರುವವರೆಷ್ಟು, ದೇಶಕ್ಕೆ ಬಂದ ವರ್ಷ ಯಾವುದು ಎಂಬುದೆಲ್ಲ ಇದೆ. ಮಕ್ಕಳ ಜನ್ಮಸ್ಥಳವನ್ನು ತಪ್ಪದೆ ನೋಡಿ. ಹಿರಿಯ ಮಗು ಕೆನಡಾದಲ್ಲಿ ಹುಟ್ಟಿದ್ದರೆ ಮದುವೆಯೂ ಅಲ್ಲಿಯೇ ಆಗಿರುವ ಸಂಭವ ಹೆಚ್ಚು, ಎಲ್ಲರೂ ಮ್ಯಾಸಚೂಸೆಟ್ಸ್‌ನಲ್ಲಿ ಹುಟ್ಟಿದ್ದರೆ ಲೋವೆಲ್‌ನಲ್ಲಿಯೇ ಮೊದಲು ಹುಡುಕಬೇಕು. ಅಲ್ಲಿಯ ಫ್ರೆಂಚ್ ಭಾಷಿಕರಿಗಾಗಿ 1868ರಲ್ಲಿ ಸೇಂಟ್ ಜೋಸೆಫ್ ಚರ್ಚ್ ಆರಂಭವಾಗಿತ್ತು. ಮ್ಯಾಸಚೂಸೆಟ್ಸ್ ರಾಜ್ಯ 1841ರಿಂದಲೇ ಜನನ, ಮದುವೆ, ಮರಣಗಳನ್ನು ದಾಖಲಿಸಿದೆ. ಆದರೂ ಚರ್ಚಿನ ಪುಸ್ತಕವನ್ನೇ ಹೆಚ್ಚು ನೆಚ್ಚಿಕೊಳ್ಳಿ ಎನ್ನುತ್ತೇನೆ, ಏಕೆಂದರೆ ನಗರದ ಗುಮಾಸ್ತ ಕಿಂಗ್ ಎಂದು ಬರೆದ ಮದುವೆಯನ್ನೇ ಫ್ರೆಂಚ್ ಬಲ್ಲ ಪಾದ್ರಿ ರುವಾ ಎಂದು ಬರೆದಿರುತ್ತಾರೆ.

ವಲಸೆಯ ದಾಖಲೆಗಳಿಂದ ನಿಮಗೆ ಹೆಚ್ಚು ಪ್ರಯೋಜನವಾಗದು. ಕೆನಡಾದ ಗಡಿ ದಾಟಿ ಬಂದವರ ಪಟ್ಟಿ ಆರಂಭವಾದದ್ದೇ 1895ರಲ್ಲಿ. ಅದಕ್ಕೂ ಮೊದಲು ಜನ ರೈಲು ಹತ್ತಿ ಬಂದು ಇಳಿಯುತ್ತಿದ್ದರು, ಅಷ್ಟೆ. 1906ಕ್ಕೆ ಮುಂಚಿನ ಪೌರತ್ವದ ಕಾಗದಗಳಲ್ಲಿ ಅನೇಕ ವೇಳೆ ದೇಶದ ಹೆಸರಿನ ಹೊರತು ಊರಿನ ಹೆಸರಿರುವುದಿಲ್ಲ. ಗಿರಣಿಯ ದಾಖಲೆಗಳನ್ನು ನೋಡುವ ಆಸೆ ಸಹಜ. ಲೋವೆಲ್‌ನ ಹ್ಯಾಮಿಲ್ಟನ್ ಕಂಪನಿಯ ಸಂಬಳದ ಪುಸ್ತಕಗಳು ಹಾರ್ವರ್ಡ್‌ನ ಬೇಕರ್ ಗ್ರಂಥಾಲಯದಲ್ಲಿ ಇವೆ. ಅವರ ದುಡಿಮೆ ಹೇಗಿತ್ತೆಂದು ತಿಳಿಯಲು ಅವು ಅಮೂಲ್ಯವಾದರೂ, ತಂದೆತಾಯಿ ಯಾರೆಂದು ತಿಳಿಯಲು ಅವನ್ನು ನಂಬಿ ಕೂರಬಾರದು.

ಮದುವೆಯ ದಾಖಲೆಗೆ ನಾನು ಇಷ್ಟು ಒತ್ತು ಕೊಡುವುದು ಕ್ವಿಬೆಕ್‌ನ ಕ್ಯಾಥೊಲಿಕ್ ಪಾದ್ರಿಗಳ ಶಿಸ್ತಿನಿಂದಾಗಿ. ವರ ಯಾರ ಮಗ, ವಧು ಯಾರ ಮಗಳು, ಯಾವ ಪ್ಯಾರಿಷ್‌ನವರು (ಒಂದು ಚರ್ಚಿಗೆ ಸೇರಿದ ಊರು-ಕೇರಿ) ಎಂಬುದನ್ನು ಅವರು ಬರೆಯುತ್ತಿದ್ದರು. ಇಬ್ಬರು ತಾಯಂದಿರಿಗೂ ತವರಿನ ಹೆಸರನ್ನೇ ಕೊಡುತ್ತಿದ್ದರು. ಹೆಣ್ಣಿನ ಮನೆತನ ಮದುವೆಯೊಂದಿಗೆ ಕಾಗದದಿಂದ ಅಳಿಸಿಹೋಗದ ಇಂಥ ದಾಖಲೆಗಳನ್ನು ಓದುವಾಗ ನನಗೆ ನಿಜಕ್ಕೂ ಗೌರವ ಮೂಡುತ್ತದೆ. ಆ ತಂದೆತಾಯಿಯ ಮದುವೆಯನ್ನು ಹುಡುಕಿದರೆ ಅವರ ತಂದೆತಾಯಿ ಸಿಗುತ್ತಾರೆ. ಹೀಗೆಯೇ 1600ರ ದಶಕದವರೆಗೆ ಹೋಗಿ, ಫ್ರಾನ್ಸ್‌ನಿಂದ ಬಂದ ಮೊದಲಿಗರನ್ನು ಮುಟ್ಟಿದ ಕುಟುಂಬಗಳು ಎಷ್ಟೋ ಇವೆ. ಒಂದು ಎಚ್ಚರಿಕೆ: ವಿಧುರ ಅಥವಾ ವಿಧವೆ ಮರುಮದುವೆಯಾದಾಗ ತಂದೆತಾಯಿಯ ಬದಲು ತೀರಿಕೊಂಡ ಸಂಗಾತಿಯ ಹೆಸರನ್ನಷ್ಟೇ ಬರೆದಿರುವುದುಂಟು. ಆಗ ಅವರ ಮೊದಲ ಮದುವೆಯನ್ನು ಹುಡುಕಬೇಕಾಗುತ್ತದೆ.

ಈ ಪುಸ್ತಕಗಳು ಉಳಿದು ಬಂದದ್ದಕ್ಕೆ ಕಾರಣವೂ ಇದೆ. 1600ರ ದಶಕದ ಕೊನೆಯಿಂದ ಪ್ರತಿ ಪುಸ್ತಕಕ್ಕೂ ಎರಡು ಪ್ರತಿ ಇರುತ್ತಿತ್ತು: ಒಂದು ಚರ್ಚಿಗೆ, ಇನ್ನೊಂದು ನ್ಯಾಯಾಲಯಕ್ಕೆ. 1940ರ ದಶಕದಲ್ಲಿ ವಂಶಾವಳಿಗಳ ಕೆಲಸ ಮಾಡುವ ದ್ರುವೆಂ ಸಂಸ್ಥೆ ಅವುಗಳ ಮೈಕ್ರೊಫಿಲ್ಮ್ ತೆಗೆಯಿತು. ಫ್ಯಾಮಿಲಿಸರ್ಚ್ ಎಂಬ ವಂಶಾವಳಿ ಹುಡುಕುವ ಜಾಲತಾಣದಲ್ಲಿಯೂ ಕ್ವಿಬೆಕ್ ಪ್ಯಾರಿಷ್‌ಗಳ ಪುಟಗಳನ್ನು ಹಣ ಕೊಡದೆ ನೋಡಬಹುದು. ಫ್ರೆಂಚ್ ಬಾರದೆಂದು ಹಿಂಜರಿಯಬೇಡಿ, ಏಕೆಂದರೆ ಪ್ರತಿ ದಾಖಲೆಯ ಒಕ್ಕಣೆಯೂ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ ಮತ್ತು ನಾಲ್ಕಾರು ಪುಟ ಓದುವಷ್ಟರಲ್ಲಿ ಕಣ್ಣು ಪಳಗುತ್ತದೆ.

ಕೊನೆಯದಾಗಿ, ಹೆಸರು ಹೊಂದಿದೊಡನೆ ಇವರೇ ಎಂದು ತೀರ್ಮಾನಿಸಬೇಡಿ. ಒಂದೇ ಪ್ಯಾರಿಷ್‌ನಲ್ಲಿ ಅದೇ ಹೆಸರಿನ, ಅದೇ ವಯಸ್ಸಿನ ದಾಯಾದಿಗಳು ಇರುತ್ತಾರೆ. ತೀರಿಹೋದ ಮಗುವಿನ ಹೆಸರನ್ನೇ ಮುಂದಿನ ಮಗುವಿಗೆ ಇಡುವ ರೂಢಿಯೂ ಇತ್ತು. ಪತ್ನಿಯ ತವರಿನ ಹೆಸರು, ಮಕ್ಕಳ ಧರ್ಮತಂದೆತಾಯಿಯರಾಗಿ ನಿಂತ ಬಂಧುಗಳು, ಲೋವೆಲ್‌ನಲ್ಲಿ ಅದೇ ಮನೆಯಲ್ಲಿ ವಾಸವಿದ್ದ ಅಣ್ಣತಮ್ಮಂದಿರು ಇವರೆಲ್ಲ ಎರಡೂ ಕಡೆ ಹೊಂದಿದ ಮೇಲೆಯೇ ವಂಶವೃಕ್ಷಕ್ಕೆ ಸೇರಿಸಿ. 1900ರ ಜನಗಣತಿಯ ಪುಟ ಮತ್ತು ಹಿರಿಯ ಮಗುವಿನ ಜನನದ ದಾಖಲೆ ಸಿಕ್ಕ ಕೂಡಲೇ ಅಲ್ಲಿರುವ ವಿವರಗಳನ್ನು ಈ ಪ್ರಶ್ನೆಯ ಕೆಳಗೆ ಬರೆಯಿರಿ. ಫ್ರೆಂಚ್ ಕೈಬರಹ ಓದಲು ನಾನು ಸಂತೋಷದಿಂದ ನೆರವಾಗುತ್ತೇನೆ.