ಹಳೆಯ ಎಸ್‌ಯುವಿಯ ಹೆಡ್‌ಲೈಟ್: ಓದುಗರ ಪ್ರಶ್ನೆಗಳಿಗೆ ಉತ್ತರ

ಹಳೆಯ ಎಸ್‌ಯುವಿಗಳ ಹೆಡ್‌ಲೈಟ್ ಸುಧಾರಿಸುವ ಬಗ್ಗೆ ಹಲವು ಓದುಗರು ಬರೆದಿದ್ದಾರೆ. ಒಂದಕ್ಕೊಂದು ಹತ್ತಿರವಾಗಿರುವ ಪ್ರಶ್ನೆಗಳನ್ನು ಕೂಡಿಸಿ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ನನ್ನ ಎಸ್‌ಯುವಿಗೆ ಇಪ್ಪತ್ತು ವರ್ಷ ತುಂಬುತ್ತ ಬಂದಿದೆ. ಎಂಜಿನ್ ಇನ್ನೂ ಗಟ್ಟಿಯಾಗಿದೆ, ಆದರೆ ರಾತ್ರಿ ಹೆಡ್‌ಲೈಟ್ ಹಾಕಿದರೂ ರಸ್ತೆ ಮಂದವಾಗಿ ಕಾಣುತ್ತದೆ. ಅದರಲ್ಲಿರುವುದು 60/55 ವ್ಯಾಟ್‌ನ (ದೂರಕ್ಕೆ ಬೀಳುವ ಹೈ ಬೀಮಿಗೆ 60, ತಗ್ಗಿಸಿದ ಡಿಪ್ ಬೆಳಕಿಗೆ 55) ಎಚ್4 ಹ್ಯಾಲೊಜೆನ್ ಬಲ್ಬ್. ಅದನ್ನು ತೆಗೆದು 100/90 ವ್ಯಾಟ್‌ನ ಬಲ್ಬ್ ಹಾಕಿಸಿಕೊಳ್ಳಿ ಎಂದು ಎಲೆಕ್ಟ್ರಿಷಿಯನ್ ಹೇಳುತ್ತಿದ್ದಾರೆ. ಹಾಕಿಸಬಹುದೇ?

ಉತ್ತರ: ದಯವಿಟ್ಟು ಹಾಕಿಸಬೇಡಿ. ಇಷ್ಟು ಹಳೆಯ ವಾಹನದಲ್ಲಿ ಬೆಳಕು ಮಂದವಾಗಿದ್ದರೆ ಮೊದಲು ಅನುಮಾನಿಸಬೇಕಾದದ್ದು ಬಲ್ಬನ್ನಲ್ಲ, ಬಲ್ಬಿನವರೆಗೆ ವಿದ್ಯುತ್ ಬರುವ ದಾರಿಯನ್ನು. ಅನೇಕ ಹಳೆಯ ವಾಹನಗಳಲ್ಲಿ ಹೆಡ್‌ಲೈಟಿನ ಕರೆಂಟ್ ಪೂರ್ತಿಯಾಗಿ ಬ್ಯಾಟರಿಯಿಂದ ಹೊರಟು, ಡ್ಯಾಶ್‌ಬೋರ್ಡಿನ ಹಿಂದಕ್ಕೆ ಹೋಗಿ, ಸ್ಟೀರಿಂಗ್ ಪಕ್ಕದ ಸ್ವಿಚ್ಚನ್ನು ಹಾದು, ಮತ್ತೆ ಮುಂದಕ್ಕೆ ಬಂದು ಬಲ್ಬನ್ನು ಸೇರುತ್ತದೆ. ಈ ದಾರಿಯಲ್ಲಿರುವ ತೆಳುವಾದ ವೈರ್, ಸವೆದ ಸ್ವಿಚ್, ಕಪ್ಪಾದ ಪಿನ್, ತುಕ್ಕು ಹಿಡಿದ ಅರ್ತ್ ಬೋಲ್ಟ್ ಇವೆಲ್ಲ ಸೇರಿ ವೋಲ್ಟೇಜನ್ನು ಸ್ವಲ್ಪ ಸ್ವಲ್ಪವಾಗಿ ತಿಂದುಹಾಕುತ್ತವೆ. ಹ್ಯಾಲೊಜೆನ್ ಬಲ್ಬಿನ ಸ್ವಭಾವ ಹೇಗಿದೆಯೆಂದರೆ, ವೋಲ್ಟೇಜ್ ಶೇ 10ರಷ್ಟು ತಗ್ಗಿದರೆ ಬೆಳಕು ಶೇ 10ರಷ್ಟಲ್ಲ, ಸುಮಾರು ಶೇ 30ರಷ್ಟು ತಗ್ಗುತ್ತದೆ, ಜೊತೆಗೆ ಬಣ್ಣವೂ ಹಳದಿಗೆ ತಿರುಗುತ್ತದೆ. ಎಚ್4 ಬಲ್ಬ್ 13.2 ವೋಲ್ಟ್‌ನಲ್ಲಿ ಹೈ ಬೀಮಿಗೆ ಸುಮಾರು 1650 ಲ್ಯೂಮೆನ್ (ಬೆಳಕಿನ ಪ್ರಮಾಣದ ಅಳತೆ), ಡಿಪ್‌ಗೆ ಸುಮಾರು 1000 ಲ್ಯೂಮೆನ್ ಕೊಡುವಂತೆ ತಯಾರಾಗಿರುತ್ತದೆ. ನಿಮ್ಮ ಬಲ್ಬಿಗೆ 12 ವೋಲ್ಟ್‌ಗಿಂತ ಕಡಿಮೆ ಸಿಗುತ್ತಿದ್ದರೆ, ಅದರಲ್ಲಿ ಹೆಚ್ಚುಕಡಿಮೆ ಮೂರನೆಯ ಒಂದು ಭಾಗ ನಿಮ್ಮ ಕೈತಪ್ಪಿ ಹೋಗುತ್ತಿದೆ ಎಂದೇ ಅರ್ಥ.

ಇದನ್ನು ತಿಳಿಯಲು ಒಂದು ಸಾಮಾನ್ಯ ಮಲ್ಟಿಮೀಟರ್ ಸಾಕು. ಎಂಜಿನ್ ಓಡುತ್ತಿರಲಿ, ಹೆಡ್‌ಲೈಟ್ ಉರಿಯುತ್ತಿರಲಿ. ಮೊದಲು ಬ್ಯಾಟರಿಯ ಎರಡು ತುದಿಗಳ ನಡುವೆ ಅಳೆಯಿರಿ. ಆಲ್ಟರ್ನೇಟರ್ (ಎಂಜಿನ್ ಓಡುವಾಗ ವಿದ್ಯುತ್ ಹುಟ್ಟಿಸುವ ಯಂತ್ರ) ಸರಿಯಾಗಿದ್ದರೆ ಸಾಮಾನ್ಯವಾಗಿ 13.8ರಿಂದ 14.4 ವೋಲ್ಟ್ ಬರುತ್ತದೆ. ಆಮೇಲೆ ಬಲ್ಬಿನ ಹಿಂದಿರುವ ಹೋಲ್ಡರನ್ನು ಕಳಚದೆ, ಅದರ ಹಿಂಬದಿಯಿಂದಲೇ ಪಿನ್ನುಗಳಿಗೆ ಮೀಟರಿನ ಮೊನೆ ತಾಗಿಸಿ ಅಳೆಯಿರಿ. ಹೋಲ್ಡರ್ ಕಳಚಿ ಅಳೆದರೆ ಕರೆಂಟ್ ಹರಿಯುವುದಿಲ್ಲವಾದ್ದರಿಂದ ನಷ್ಟ ಕಾಣಿಸುವುದೇ ಇಲ್ಲ. ಎಷ್ಟೋ ಕಡೆ ‘ವೈರಿಂಗ್ ಸರಿಯಾಗಿದೆ’ ಎಂಬ ತಪ್ಪು ತೀರ್ಮಾನಕ್ಕೆ ಇದೇ ಕಾರಣ. ಎರಡು ಅಳತೆಗಳ ನಡುವಿನ ವ್ಯತ್ಯಾಸ ಅರ್ಧ ವೋಲ್ಟ್ ಮೀರಿದ್ದರೆ ವೈರಿಂಗ್ ದುರಸ್ತಿಯಾಗಲೇಬೇಕು. ಹೋಲ್ಡರನ್ನು ಬಿಚ್ಚಿ ನೋಡಿದಾಗ ಪ್ಲಾಸ್ಟಿಕ್ ಕಂದುಬಣ್ಣಕ್ಕೆ ತಿರುಗಿ ಪೆಡಸಾಗಿದ್ದರೆ, ಅಥವಾ ಪಿನ್ನಿನ ಬುಡದಲ್ಲಿ ತಾಮ್ರ ಹಸಿರುಗಟ್ಟಿದ್ದರೆ, ಅಳೆಯುವ ಮೊದಲೇ ಉತ್ತರ ಸಿಕ್ಕಂತಾಯಿತು.

ಈಗ 100 ವ್ಯಾಟ್‌ನ ಮಾತಿಗೆ ಬರೋಣ. 60 ವ್ಯಾಟ್‌ನ ಎರಡು ಬಲ್ಬುಗಳು ಸುಮಾರು 10 ಆಂಪಿಯರ್ ಎಳೆದರೆ, 100 ವ್ಯಾಟ್‌ನವು ಹತ್ತಿರ ಹತ್ತಿರ 17 ಆಂಪಿಯರ್ ಎಳೆಯುತ್ತವೆ. ಅದೇ ಹಳೆಯ ವೈರಿನಲ್ಲಿ ವೋಲ್ಟೇಜ್ ನಷ್ಟ ಇನ್ನೂ ಹೆಚ್ಚುತ್ತದೆ. ವೈರಿನಲ್ಲಿ ಹುಟ್ಟುವ ಶಾಖವು ಕರೆಂಟಿನ ವರ್ಗಕ್ಕೆ ಅನುಗುಣವಾಗಿರುವುದರಿಂದ ಅದು ಎರಡೂವರೆ ಪಟ್ಟಿಗೂ ಮೇಲೇರುತ್ತದೆ. ಹೋಲ್ಡರ್ ಕರಗುವುದು, ಸ್ವಿಚ್ ಸುಡುವುದು, ಬಲ್ಬಿನ ಹಿಂದೆ ಕನ್ನಡಿಯಂತೆ ಬೆಳಕನ್ನು ಮುಂದಕ್ಕೆ ಕಳಿಸುವ ರಿಫ್ಲೆಕ್ಟರಿನ ಲೇಪನ ಹೊಗೆ ಹಿಡಿದಂತಾಗುವುದು ಎಲ್ಲವೂ ಇದರ ಫಲ. ಅದಲ್ಲದೆ ಅನೇಕ ದೇಶಗಳಲ್ಲಿ ರಸ್ತೆಯ ಮೇಲೆ ಇಂಥ ಬಲ್ಬಿಗೆ ಅನುಮತಿಯೂ ಇಲ್ಲ.

ಸರಿಯಾದ ದಾರಿ ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ಆರಿಸುವ ಸ್ವಿಚ್, ಹಾಕಿಸುವುದು. ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಇಟ್ಟು, ಅಲ್ಲಿಂದ 2.5 ಚದರ ಮಿಲಿಮೀಟರಿಗೆ ಕಡಿಮೆಯಿಲ್ಲದ ದಪ್ಪದ ತಾಮ್ರದ ವೈರನ್ನು ಡಿಪ್‌ಗೊಂದು, ಹೈ ಬೀಮಿಗೊಂದು ರಿಲೇ ಮೂಲಕ ನೇರವಾಗಿ ಬಲ್ಬುಗಳಿಗೆ ಎಳೆಯಬೇಕು. ಹಳೆಯ ಹೋಲ್ಡರಿಗೆ ಬರುವ ಕರೆಂಟ್ ರಿಲೇಯನ್ನು ಎಬ್ಬಿಸುವ ಕೆಲಸವನ್ನಷ್ಟೇ ಮಾಡಬೇಕು. ಅರ್ತ್ ವೈರ್ ಕೂಡ ಅಷ್ಟೇ ದಪ್ಪವಿರಬೇಕು. ಅದನ್ನು ಬಣ್ಣ ಕೆರೆದು ಹೊಳಪು ಬರಿಸಿದ ಲೋಹಕ್ಕೇ ಬಿಗಿಯಬೇಕು. ಒಂದು ಎಚ್ಚರಿಕೆ: ಕೆಲವು ಹಳೆಯ ಜಪಾನಿ ಎಸ್‌ಯುವಿಗಳಲ್ಲಿ ಸ್ವಿಚ್ ಪಾಸಿಟಿವ್ ಕಡೆಗಲ್ಲ, ಅರ್ತ್ ಕಡೆಗಿರುತ್ತದೆ. ಅಂಥ ವಾಹನಕ್ಕೆ ಸಾಮಾನ್ಯ ರಿಲೇ ಸೆಟ್ ಹೊಂದುವುದಿಲ್ಲ; ಅದಕ್ಕೆಂದೇ ಜೋಡಿಸಿದ್ದನ್ನು ಕೇಳಿ ಪಡೆಯಬೇಕು. ಇಷ್ಟಾದ ಮೇಲೆ ಅದೇ 60/55 ವ್ಯಾಟ್‌ನ ಹೊಸ ಬಲ್ಬನ್ನು, ಎರಡೂ ಕಡೆ ಒಟ್ಟಿಗೆ ಹಾಕಿಸಿ. ಬಹಳಷ್ಟು ಜನರಿಗೆ ಇದಕ್ಕಿಂತ ಮುಂದೆ ಹೋಗುವ ಅಗತ್ಯವೇ ಬೀಳುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಪ್ರಶ್ನೆ: ಹೆಡ್‌ಲೈಟಿನ ಹೊರಗಿನ ಪ್ಲಾಸ್ಟಿಕ್ ಹಳದಿಯಾಗಿದೆ. ಹಲ್ಲುಜ್ಜುವ ಪೇಸ್ಟ್ ಹಾಕಿ ಉಜ್ಜಿದರೆ ಹೊಳಪು ಬರುತ್ತದೆ, ಆದರೆ ನಿಲ್ಲುವುದಿಲ್ಲ. ಏಕೆ?

ಉತ್ತರ: ಆ ಪ್ಲಾಸ್ಟಿಕ್ ಪಾಲಿಕಾರ್ಬೊನೇಟ್. ಬಿಸಿಲಿನ ಅತಿನೇರಳೆ ಕಿರಣಗಳನ್ನು ಅದು ತಾನಾಗಿ ತಡೆದುಕೊಳ್ಳಲಾರದು; ತಯಾರಿಕೆಯಲ್ಲೇ ಅದರ ಮೇಲೊಂದು ರಕ್ಷಣಾ ಲೇಪನ ಕೊಟ್ಟಿರುತ್ತಾರೆ. ಹಳದಿಯಾಗುವುದೆಂದರೆ ಆ ಲೇಪನ ಸತ್ತಿದೆ ಎಂದರ್ಥ. ಪೇಸ್ಟಿನಿಂದ ಉಜ್ಜಿದಾಗ ಉಳಿದಿದ್ದ ಲೇಪನವೂ ಹೋಗಿ ಬರಿಯ ಪ್ಲಾಸ್ಟಿಕ್ ಬಿಸಿಲಿಗೆ ತೆರೆದುಕೊಳ್ಳುತ್ತದೆ. ನೀರು ಹಾಕುತ್ತ 800, 1500, 2000, 3000 ನಂಬರಿನ ವಾಟರ್ ಪೇಪರುಗಳಿಂದ ಕ್ರಮವಾಗಿ ತಿಕ್ಕಿ, ಪಾಲಿಶ್ ಮಾಡಿ, ಕೊನೆಗೆ ಅತಿನೇರಳೆ ಕಿರಣ ತಡೆಯುವ ಕ್ಲಿಯರ್ ಕೋಟ್ ಹೊಡೆಯಬೇಕು. ಈ ಕೊನೆಯ ಹಂತವನ್ನು ಬಿಟ್ಟರೆ ಉಳಿದ ಶ್ರಮವೆಲ್ಲ ವ್ಯರ್ಥ. ಒಳಗಿನ ರಿಫ್ಲೆಕ್ಟರ್ ಮಂಕಾಗಿದ್ದರೆ ಮಾತ್ರ ಉಜ್ಜಲು ಹೋಗಬೇಡಿ. ಅದರ ಮೇಲಿರುವುದು ಅತಿ ತೆಳುವಾದ ಅಲ್ಯೂಮಿನಿಯಂ ಪೊರೆ, ಬಟ್ಟೆ ತಾಗಿದರೂ ಎದ್ದುಬರಬಹುದು. ಅಂಥ ದೀಪವನ್ನು ಇಡಿಯಾಗಿ ಬದಲಿಸುವುದೇ ಸರಿ.

ಪ್ರಶ್ನೆ: ಹ್ಯಾಲೊಜೆನ್ ಬಲ್ಬಿನ ಜಾಗಕ್ಕೆ ನೇರವಾಗಿ ಕೂರುವ ಎಲ್‌ಇಡಿ ಬಲ್ಬ್ ಹಾಕಿಸಿದ್ದೇನೆ. ಮುಂದೆ ಹಾಲು ಚೆಲ್ಲಿದಂತೆ ಬೆಳಕಿದೆ. ಆದರೂ ದೂರದ ತಿರುವು ಮೊದಲಿನಷ್ಟೂ ಕಾಣುತ್ತಿಲ್ಲ, ಎದುರಿನವರೆಲ್ಲ ಲೈಟ್ ಹೊಡೆದು ಎಚ್ಚರಿಸುತ್ತಾರೆ. ತಪ್ಪು ಎಲ್ಲಿದೆ?

ಉತ್ತರ: ತಪ್ಪು ನಿಮ್ಮ ಕಣ್ಣಿನದಲ್ಲ, ಎದುರಿನವರದೂ ಅಲ್ಲ. ಎಚ್4 ಬಲ್ಬೊಂದನ್ನು ಕೈಯಲ್ಲಿ ಹಿಡಿದು, ಗಾಜನ್ನು ಬೆರಳಿನಿಂದ ಮುಟ್ಟದೆ, ಒಳಗೆ ನೋಡಿ. ಎರಡು ಸಣ್ಣ ತಂತುಗಳು ಕಾಣುತ್ತವೆ. ಡಿಪ್‌ನ ತಂತುವಿನ ಕೆಳಗೆ ಪುಟ್ಟ ಲೋಹದ ಬಟ್ಟಲೊಂದಿದೆ. ಡಿಪ್ ಉರಿಯುವಾಗ ರಿಫ್ಲೆಕ್ಟರಿನ ಕೆಳಭಾಗಕ್ಕೆ ಬೆಳಕು ಬೀಳದಂತೆ ತಡೆಯುವುದು ಈ ಬಟ್ಟಲು. ಅದರ ಒಂದು ಅಂಚನ್ನು 15 ಡಿಗ್ರಿ ಓರೆಯಾಗಿ ಕತ್ತರಿಸಿರುತ್ತಾರೆ. ಗೋಡೆಯ ಮೇಲೆ ಬೆಳಕಿನ ಗೆರೆ ರಸ್ತೆಯಂಚಿನ ಕಡೆಗೆ ಮೇಲೇರುವುದು ಆ ಓರೆಯಿಂದಲೇ. ರಿಫ್ಲೆಕ್ಟರಿನ ಪ್ರತಿಯೊಂದು ಬಾಗುವಿಕೆಯನ್ನೂ, ಕೆಲವೇ ಮಿಲಿಮೀಟರ್ ಉದ್ದದ ಆ ತಂತು ಇಂಥದೇ ಜಾಗದಲ್ಲಿ ಉರಿಯುತ್ತದೆ ಎಂಬ ಲೆಕ್ಕದ ಮೇಲೆ ರೂಪಿಸಿರುತ್ತಾರೆ. ತಂತು ಸುತ್ತಲೂ ಬೆಳಕು ಬೀರುತ್ತದೆ. ಎಲ್‌ಇಡಿ ಬಲ್ಬಿನಲ್ಲಾದರೋ ಚಪ್ಪಟೆ ಹಲಗೆಯ ಎರಡು ಮುಖಗಳ ಮೇಲೆ ಚಿಪ್‌ಗಳಿರುತ್ತವೆ. ಹಲಗೆಯ ದಪ್ಪದಷ್ಟು ಅವು ನಡುವಿನಿಂದ ಸರಿದಿರುತ್ತವೆ. ಅಂಚುಗಳ ಕಡೆಗೆ ಬೆಳಕು ಕಡಿಮೆ. ಆದ್ದರಿಂದ ರಿಫ್ಲೆಕ್ಟರ್ ಆ ಬೆಳಕನ್ನು ಬೇಕಾದಲ್ಲಿಗೆ ಕಳಿಸಲಾರದೆ, ಸ್ವಲ್ಪವನ್ನು ಎದುರಿನವರ ಕಣ್ಣಿಗೂ ಬಹುಪಾಲನ್ನು ನಿಮ್ಮ ಬಾನೆಟ್ಟಿನ ಮುಂದಕ್ಕೂ ಸುರಿಯುತ್ತದೆ.

ಹತ್ತಿರದ ಈ ಬೆಳಕೇ ನಿಮ್ಮನ್ನು ಮೋಸಗೊಳಿಸುತ್ತಿರುವುದು. ಮುಂದಿನ ಹತ್ತು ಹದಿನೈದು ಮೀಟರ್ ಅತಿಯಾಗಿ ಬೆಳಗಿದರೆ ಕಣ್ಣಿನ ಪಾಪೆ ಕಿರಿದಾಗುತ್ತದೆ, ಕಣ್ಣು ಆ ಪ್ರಕಾಶಕ್ಕೆ ಒಗ್ಗಿಕೊಳ್ಳುತ್ತದೆ, ದೂರದ ಮಂದ ವಸ್ತುಗಳು ಇನ್ನಷ್ಟು ಮಸುಕಾಗುತ್ತವೆ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ವಾಹನ ಸೆಕೆಂಡಿಗೆ ಸುಮಾರು 22 ಮೀಟರ್ ಸಾಗುತ್ತದೆ. ಅಡ್ಡಬಂದದ್ದನ್ನು ಕಂಡು ಬ್ರೇಕ್ ಒತ್ತುವಷ್ಟರಲ್ಲಿ ಒಂದೂವರೆ ಸೆಕೆಂಡ್ ಕಳೆದರೆ 33 ಮೀಟರ್ ಹೋಯಿತು. ಒಣ ರಸ್ತೆಯಲ್ಲೂ ನಿಲ್ಲಲು ಇನ್ನೂ ಸುಮಾರು 35 ಮೀಟರ್ ಬೇಕು. ಅಂದರೆ ನಿಮಗೆ ಉಪಯೋಗಕ್ಕೆ ಬರುವುದು ಸುಮಾರು 70 ಮೀಟರ್ ಆಚೆಯ ಬೆಳಕೇ ಹೊರತು ಬಂಪರ್ ಮುಂದಿನದಲ್ಲ. ಕಾನೂನೂ ಇದನ್ನು ಗಮನಿಸಿದೆ. ಬಹುತೇಕ ಕಡೆ ಹ್ಯಾಲೊಜೆನ್‌ಗೆಂದು ಮಾಡಿದ ದೀಪದಲ್ಲಿ ಎಲ್‌ಇಡಿ ಬಲ್ಬ್ ಹಾಕುವಂತಿಲ್ಲ. ಜರ್ಮನಿಯಲ್ಲಿ 2020ರಿಂದ ಕೆಲವು ಎಲ್‌ಇಡಿ ಬಲ್ಬುಗಳಿಗೆ ಅನುಮತಿ ದೊರೆತಿದೆಯಾದರೂ, ಪರೀಕ್ಷಿಸಿ ಪಟ್ಟಿ ಮಾಡಿದ ನಿರ್ದಿಷ್ಟ ವಾಹನಗಳಿಗೆ ಮಾತ್ರ ಅದು ಅನ್ವಯಿಸುತ್ತದೆ. ನಿಮ್ಮ ಹಳೆಯ ಹ್ಯಾಲೊಜೆನ್ ಬಲ್ಬನ್ನೇ ಮತ್ತೆ ಹಾಕಿ, ಮೊದಲ ಉತ್ತರದಲ್ಲಿ ಹೇಳಿದಂತೆ ವೈರಿಂಗ್ ಸರಿಪಡಿಸಿಕೊಳ್ಳಿ. ಹ್ಯಾಲೊಜೆನ್ ರಿಫ್ಲೆಕ್ಟರಿಗೆ ಎಚ್‌ಐಡಿ ಕಿಟ್ (ತಂತುವಿಲ್ಲದೆ ಅನಿಲದೊಳಗೆ ವಿದ್ಯುತ್ ಹಾಯಿಸಿ ಬೆಳಗುವ ಬಲ್ಬಿನ ಸೆಟ್) ತುರುಕುವುದು ಇನ್ನೂ ಕೆಟ್ಟದ್ದು. ಆ ಬಲ್ಬ್ ಸುಮಾರು 3200 ಲ್ಯೂಮೆನ್ ಚೆಲ್ಲುವುದರಿಂದ ತಪ್ಪು ದಿಕ್ಕಿಗೆ ಹೋಗುವ ಬೆಳಕೂ ಅಷ್ಟೇ ಹೆಚ್ಚು.

ಪ್ರಶ್ನೆ: ನನ್ನ ವಾಹನದ್ದು ಏಳು ಇಂಚಿನ ದುಂಡು ಹೆಡ್‌ಲೈಟ್. ಅದಕ್ಕೆ ಇಡೀ ಎಲ್‌ಇಡಿ ದೀಪವೇ ಸಿಗುತ್ತದಂತೆ. ಅದೂ ಬೇಡವೇ?

ಉತ್ತರ: ಅದು ಬೇರೆ ಮಾತು. ನೀವು ಅದೃಷ್ಟವಂತರೆಂದೇ ಹೇಳಬೇಕು. ಏಳು ಇಂಚಿನ ದುಂಡು ದೀಪದ ಅಳತೆ ಅಮೆರಿಕದಲ್ಲಿ 1940ರ ಸುಮಾರಿಗೆ ಸೀಲ್ಡ್ ಬೀಮ್ (ತಂತು, ರಿಫ್ಲೆಕ್ಟರ್, ಲೆನ್ಸ್ ಒಂದೇ ಆಗಿ ಮುಚ್ಚಿದ ದೀಪ) ಬಂದಾಗಿನಿಂದ ಉಳಿದುಕೊಂಡು ಬಂದಿರುವುದರಿಂದ, ಅದೇ ಚೌಕಟ್ಟಿಗೆ ಕೂರುವ ಒಳ್ಳೆಯ ದೀಪಗಳು ಇಂದಿಗೂ ತಯಾರಾಗುತ್ತಿವೆ. ಲೆನ್ಸ್, ರಿಫ್ಲೆಕ್ಟರ್, ಎಲ್‌ಇಡಿ ಮೂರನ್ನೂ ಒಟ್ಟಿಗೆ ರೂಪಿಸಿರುವುದರಿಂದ ಇಂಥ ದೀಪದಲ್ಲಿ ಬೆಳಕು ಹೋಗಬೇಕಾದಲ್ಲಿಗೆ ಹೋಗುತ್ತದೆ. ಆದರೆ ನೋಡಲು ಹಾಗೆಯೇ ಇರುವ, ಯಾವ ಮಾನದಂಡಕ್ಕೂ ಒಳಪಡದ ಅಗ್ಗದ ದೀಪಗಳೂ ಅಷ್ಟೇ ಇವೆ. ಕೊಳ್ಳುವ ಮೊದಲು ಲೆನ್ಸಿನ ಮೇಲೆ ವೃತ್ತದೊಳಗೆ ಇಂಗ್ಲಿಷಿನ ‘ಇ’ ಅಕ್ಷರ ಮತ್ತು ಅದರ ಪಕ್ಕದ ಅಂಕಿಯನ್ನು ಹುಡುಕಿ. ಅದು ವಿಶ್ವಸಂಸ್ಥೆಯ ವಾಹನ ನಿಯಮಗಳ ಪ್ರಕಾರ ಪಡೆದ ಅನುಮೋದನೆಯ ಗುರುತು. ಅದರ ಜೊತೆಗೊಂದು ಬಾಣವನ್ನೂ ನೋಡಿ. ದೀಪದ ಎದುರು ನಿಂತವರ ಬಲಕ್ಕೆ ಬಾಣ ತೋರಿಸುತ್ತಿದ್ದರೆ ಅದು ರಸ್ತೆಯ ಎಡಬದಿಯಲ್ಲಿ ಓಡುವ ವಾಹನಕ್ಕೆ, ಬಾಣವೇ ಇಲ್ಲದಿದ್ದರೆ ಬಲಬದಿಯಲ್ಲಿ ಓಡುವ ವಾಹನಕ್ಕೆ, ಎರಡೂ ಕಡೆ ತೋರಿಸುತ್ತಿದ್ದರೆ ಎರಡಕ್ಕೂ ಸಲ್ಲುತ್ತದೆ. ಇದನ್ನು ನೋಡದೆ ತಪ್ಪು ಬದಿಯ ದೀಪ ಹಾಕಿಸಿದರೆ, ಮೇಲೇರುವ ಆ ಬೆಳಕಿನ ಗೆರೆ ನೇರವಾಗಿ ಎದುರಿನ ಚಾಲಕರ ಮುಖಕ್ಕೆ ಬೀಳುತ್ತದೆ.

ಹಿಮ ಬೀಳುವ ಕಡೆ ವಾಹನ ಓಡಿಸುವವರು ಒಂದು ವಿಷಯ ತಿಳಿದಿರಬೇಕು. ಎಲ್‌ಇಡಿ ತನ್ನ ಶಾಖವನ್ನು ಹಿಂದಕ್ಕೆ ಬಿಡುವುದರಿಂದ ಲೆನ್ಸ್ ತಣ್ಣಗಿರುತ್ತದೆ, ಅದರ ಮೇಲೆ ಅಂಟಿದ ಹಿಮ ಹ್ಯಾಲೊಜೆನ್‌ನಲ್ಲಿ ಕರಗುವಂತೆ ಕರಗುವುದಿಲ್ಲ. ಅಂಥವರು ಲೆನ್ಸ್ ಬೆಚ್ಚಗಿಡುವ ವ್ಯವಸ್ಥೆಯುಳ್ಳದ್ದನ್ನು ಆರಿಸಿಕೊಳ್ಳಬೇಕು.

ಪ್ರಶ್ನೆ: ನೀಲಿ ಛಾಯೆಯ ಬಿಳಿ ಬೆಳಕು ಹೆಚ್ಚು ದೂರ ಕಾಣಿಸುತ್ತದೆಯೇ?

ಉತ್ತರ: ಇಲ್ಲ. ಹ್ಯಾಲೊಜೆನ್ ಬೆಳಕು ಸುಮಾರು 3200 ಕೆಲ್ವಿನ್ ಬಣ್ಣದ್ದು (ಈ ಅಂಕಿ ಕಡಿಮೆಯಾದಷ್ಟೂ ಬೆಳಕು ಹಳದಿ, ಹೆಚ್ಚಾದಷ್ಟೂ ನೀಲಿ). ಅದನ್ನು ನೀಲಿಯಾಗಿಸಲು ಗಾಜಿಗೆ ಬಣ್ಣ ಬಳಿದಾಗ, ಉಳಿದ ಬಣ್ಣಗಳ ಬೆಳಕನ್ನು ಆ ಲೇಪನ ನುಂಗುತ್ತದೆ. ಪ್ರಖರವಾಗಿ ಕಂಡರೂ ರಸ್ತೆಗೆ ಬೀಳುವ ಬೆಳಕು ಕಡಿಮೆ. ಪೊಟ್ಟಣದ ಮೇಲೆ ‘ಶೇ 100 ಹೆಚ್ಚು’ ಎಂದು ಬರೆದಿರುವ ಬಲ್ಬುಗಳದ್ದು ಇನ್ನೊಂದು ಬಗೆ. ಆ ಹೋಲಿಕೆ ಕಾನೂನು ಕೇಳುವ ಕನಿಷ್ಠ ಮಟ್ಟದೊಂದಿಗೆ, ಅದೂ ಬೀಮಿನ ಒಂದೆರಡು ಆಯ್ದ ಬಿಂದುಗಳಲ್ಲಿ ಮಾಡಿದ್ದು. ಅವು ನಿಜಕ್ಕೂ ತುಸು ಮೇಲಾದರೂ ತಂತು ಬಿಗಿಯಾಗಿ ಸುತ್ತಿ ಹೆಚ್ಚು ಬಿಸಿಯಾಗಿ ಉರಿಯುವುದರಿಂದ ಬೇಗ ಸುಟ್ಟುಹೋಗುತ್ತವೆ.

ಪ್ರಶ್ನೆ: ದೊಡ್ಡ ಟೈರ್ ಹಾಕಿಸಿ ಸಸ್ಪೆನ್ಷನ್ ಎತ್ತರಿಸಿದ್ದೇನೆ. ಹೆಡ್‌ಲೈಟಿನ ದಿಕ್ಕನ್ನು ಮನೆಯಲ್ಲೇ ಸರಿಪಡಿಸಿಕೊಳ್ಳಬಹುದೇ?

ಉತ್ತರ: ಸರಿಪಡಿಸಿಕೊಳ್ಳಬಹುದು, ಸರಿಪಡಿಸಿಕೊಳ್ಳಲೇಬೇಕು. ವಾಹನ ಎತ್ತರವಾದಷ್ಟೂ ದೀಪ ಕಾರಿನ ಚಾಲಕರ ಕಣ್ಣಿನ ಮಟ್ಟಕ್ಕೆ ಬರುತ್ತದೆ. ಟೈರಿನ ಗಾಳಿ ಸರಿಮಾಡಿ, ಚಾಲಕರ ಸೀಟಿನಲ್ಲಿ ಒಬ್ಬರನ್ನು ಕೂರಿಸಿ, ವಾಹನವನ್ನು ಸಮತಟ್ಟಾದ ನೆಲದ ಮೇಲೆ ಗೋಡೆಯಿಂದ 10 ಮೀಟರ್ ದೂರದಲ್ಲಿ ಗೋಡೆಗೆ ನೇರವಾಗಿ ನಿಲ್ಲಿಸಿ. ನೆಲದಿಂದ ಲೆನ್ಸಿನ ನಡುಬಿಂದುವಿನ ಎತ್ತರ ಅಳೆದು ಅದೇ ಎತ್ತರದಲ್ಲಿ ಗೋಡೆಯ ಮೇಲೆ ಟೇಪ್ ಅಂಟಿಸಿ. ಡಿಪ್ ಹಾಕಿದಾಗ ಬೆಳಕಿನ ಮೇಲಂಚು ಆ ಟೇಪಿಗಿಂತ ಎಷ್ಟು ಕೆಳಗಿರಬೇಕೆಂಬುದನ್ನು ಅನೇಕ ವಾಹನಗಳಲ್ಲಿ ಹೆಡ್‌ಲೈಟಿನ ಬಳಿ ಶೇಕಡಾ ಲೆಕ್ಕದಲ್ಲಿ ಮುದ್ರಿಸಿರುತ್ತಾರೆ: ಶೇ 1 ಎಂದಿದ್ದರೆ 10 ಮೀಟರಿಗೆ 10 ಸೆಂಟಿಮೀಟರ್. ನೀವು ಎತ್ತರಿಸಿದ ಮೇಲೆ ಲೆನ್ಸಿನ ನಡುಬಿಂದು ನೆಲದಿಂದ ಒಂದು ಮೀಟರ್ ದಾಟಿದ್ದರೆ 15ರಿಂದ 20 ಸೆಂಟಿಮೀಟರ್ ತಗ್ಗಿಸುವುದು ಯುಕ್ತ. ಒಂದು ದೀಪವನ್ನು ಬಟ್ಟೆಯಿಂದ ಮುಚ್ಚಿ ಇನ್ನೊಂದರ ಸ್ಕ್ರೂ ತಿರುಗಿಸಿ. ಎರಡೂ ಒಟ್ಟಿಗೆ ಉರಿಯುತ್ತಿದ್ದರೆ ಯಾವುದರ ಅಂಚು ಯಾವುದೆಂದು ತಿಳಿಯುವುದಿಲ್ಲ. ಬಲ್ಬ್ ಬದಲಿಸಿದಾಗ, ದೀಪ ಬದಲಿಸಿದಾಗಲೂ ಈ ಕೆಲಸ ಮಾಡಬೇಕು.

ಪ್ರಶ್ನೆ: ಇವೆಲ್ಲ ಮಾಡಿದ ಮೇಲೂ ಕತ್ತಲ ರಸ್ತೆಗೆ ಬೆಳಕು ಸಾಲದಿದ್ದರೆ? ಬಂಪರ್ ಮೇಲೆ ಲೈಟ್ ಬಾರ್ ಹಾಕಿಸಲೇ?

ಉತ್ತರ: ಅಗಲವಾಗಿ ಹರಡುವ ಲೈಟ್ ಬಾರ್ ಬದಲು, ಬೆಳಕನ್ನು ಕಿರಿದಾಗಿ ದೂರಕ್ಕೆ ಚೆಲ್ಲುವ ಒಂದು ಜೊತೆ ಡ್ರೈವಿಂಗ್ ಲ್ಯಾಂಪ್ ಹಾಕಿಸಿ. ಅವುಗಳ ರಿಲೇಯನ್ನು ಹೈ ಬೀಮಿನ ವೈರಿಗೇ ಜೋಡಿಸಿ. ಆಗ ಡಿಪ್ ಮಾಡಿದೊಡನೆ ಅವೂ ಆರುತ್ತವೆ. ಎಷ್ಟು ದೀಪ, ಎಷ್ಟು ಎತ್ತರದಲ್ಲಿ ಎಂಬ ನಿಯಮ ಆಯಾ ದೇಶದ್ದು ಬೇರೆ ಬೇರೆ ಇರುವುದರಿಂದ ಅದನ್ನು ಮೊದಲೇ ವಿಚಾರಿಸಿಕೊಳ್ಳಿ. ಡಿಪ್‌ನಲ್ಲೇ ಹೆಚ್ಚು ಬೆಳಕು ಬೇಕೆನ್ನುವವರಿಗೆ, ನಿಮ್ಮ ದೀಪದೊಳಗೆ ಪ್ರೊಜೆಕ್ಟರ್ (ಬೆಳಕನ್ನು ಲೆನ್ಸಿನ ಮೂಲಕ ಚೂಪಾದ ಅಂಚಿನೊಡನೆ ಚೆಲ್ಲುವ ಘಟಕ) ಕೂರಿಸುವ ದಾರಿಯೊಂದಿದೆ. ಆದರೆ ಅದಕ್ಕೆ ದೀಪವನ್ನು ಬಿಸಿಮಾಡಿ ಅಂಟು ಮೆತ್ತಗಾಗಿಸಿ ಬಿಚ್ಚಬೇಕು, ಪ್ರೊಜೆಕ್ಟರನ್ನು ಕೂದಲೆಳೆಯಷ್ಟೂ ಓರೆಯಾಗದಂತೆ ನಿಲ್ಲಿಸಬೇಕು, ನೀರು ಸೇರದಂತೆ ಮತ್ತೆ ಮುಚ್ಚಬೇಕು. ಬದಲಿಸಿದ ದೀಪದ ಮೂಲ ಅನುಮೋದನೆಯೂ ಉಳಿಯುವುದಿಲ್ಲ. ಈ ಕೆಲಸದಲ್ಲಿ ಕೈ ಪಳಗಿದವರು ಮಾಡಿದ ದೀಪವೊಂದನ್ನು ಗೋಡೆಯ ಮೇಲೆ ಹಾಯಿಸಿ ನೋಡಿ, ಎರಡೂ ಕಡೆಯ ಅಂಚು ಒಂದೇ ಮಟ್ಟದಲ್ಲಿ ಚೂಪಾಗಿ ಬರುತ್ತಿದ್ದರೆ ಮಾತ್ರ ನಿಮ್ಮ ವಾಹನವನ್ನು ಅವರ ಕೈಗೆ ಕೊಡಿ.