ಕಡಿಮೆ ಖರ್ಚಿನಲ್ಲಿ ನೆಟ್‌ವರ್ಕಿಂಗ್ ಅರ್ಹತೆ

ಪ್ರಶ್ನೆ: ಜರ್ಮನಿಯಲ್ಲಿ ಸ್ನಾತಕೋತ್ತರ ಪದವಿ ಓದುತ್ತಿದ್ದೇನೆ. ಮನೆಯಿಂದ ಹೆಚ್ಚಿನ ಹಣ ಕೇಳದೆ ಆನ್‌ಲೈನ್‌ನಲ್ಲಿ ಕಂಪ್ಯೂಟರ್ ನೆಟ್‌ವರ್ಕಿಂಗ್ ಅರ್ಹತೆ ಪಡೆಯುವುದು ಹೇಗೆ?

ಉತ್ತರ: ಕಲಿಕೆಯ ಖರ್ಚು ಬೇರೆ, ಪರೀಕ್ಷೆಯ ಖರ್ಚು ಬೇರೆ ಎಂಬುದನ್ನು ಮೊದಲು ಗಮನಿಸಿ. ನೆಟ್‌ವರ್ಕ್ ಉಪಕರಣ ತಯಾರಿಸುವ ಸಿಸ್ಕೋ ಕಂಪನಿಯ ನೆಟ್‌ವರ್ಕಿಂಗ್ ಅಕಾಡೆಮಿಯ ಆರಂಭಿಕ ಪಾಠಗಳೂ, ರೂಟರ್‌, ಸ್ವಿಚ್‌ಗಳನ್ನು ಕೊಳ್ಳದೆಯೇ ಜಾಲ ಕಟ್ಟಿ ಅಭ್ಯಾಸ ಮಾಡಲು ನೆರವಾಗುವ ಪ್ಯಾಕೆಟ್ ಟ್ರೇಸರ್ ತಂತ್ರಾಂಶವೂ ಉಚಿತವಾಗಿ ಸಿಗುವುದರಿಂದ, ಸಾವಿರಾರು ಯೂರೋ ಕೇಳುವ ತರಬೇತಿ ಕೇಂದ್ರಗಳಿಗೆ ಈಗಲೇ ಸೇರಬೇಕಾಗಿಲ್ಲ. ನಮ್ಮ ಐಐಟಿಗಳ ಆನ್‌ಲೈನ್ ಪಾಠ ಯೋಜನೆಯಾದ ಎನ್‌ಪಿಟಿಇಎಲ್ ಉಪನ್ಯಾಸಗಳನ್ನೂ ಅಲ್ಲಿಂದಲೇ ಉಚಿತವಾಗಿ ನೋಡಬಹುದು. ಆದರೆ ಅದರ ಪ್ರಮಾಣಪತ್ರದ ಪರೀಕ್ಷೆಯನ್ನು ಭಾರತದ ನಿಗದಿತ ಕೇಂದ್ರದಲ್ಲೇ ಬರೆಯಬೇಕಾದ್ದರಿಂದ ನಿಮಗೆ ಅನುಕೂಲವಾಗದು. ಉದ್ಯೋಗದಾತರು ಗುರುತಿಸುವ, ಸಿಸ್ಕೋದ್ದೇ ನೆಟ್‌ವರ್ಕಿಂಗ್ ಪ್ರಮಾಣಪತ್ರವಾದ ಸಿಸಿಎನ್‌ಎ ಪರೀಕ್ಷೆಯನ್ನು ಕೋಣೆಯಲ್ಲೇ ಕುಳಿತು ಆನ್‌ಲೈನ್ ಮೇಲ್ವಿಚಾರಣೆಯಲ್ಲಿ ಬರೆಯಬಹುದು. ಶುಲ್ಕ ತೆರಿಗೆ ಬಿಟ್ಟು ಸುಮಾರು 300 ಡಾಲರ್. ಮಾನ್ಯತೆ 3 ವರ್ಷ. ಹೆಸರು ಪಾಸ್‌ಪೋರ್ಟ್‌ನಲ್ಲಿರುವಂತೆಯೇ ನೋಂದಾಯಿಸಿ. ನಮ್ಮ ಇನಿಷಿಯಲ್‌ಗಳು ತೊಡಕು ತರುವುದು ಇಲ್ಲಿಯೇ.